ನೀವು ಕಟ್ಟಿದ ಬೇವು

ಗುಮ್ಮಳಾಪುರ
ಮೇ ತಿಂಗಳ ಕೊನೆಯ ವಾರ, ೨೦೨೧

ನನ್ನನ್ನು ಬೈಯಲೆಂದೇ ದೇವರು ಈ ಮನೆಯಲ್ಲಿ ಇಟ್ಟಿರುವ ನನ್ನ ಅತ್ತೆಯವರಿಗೆ, ನಿಮ್ಮ ಸೊಸೆ ಚಂದ್ರಲೇಖಾ ದೂರದಿಂದಲೇ ಕಾಲಿಗೆ ಬಿದ್ದು ಬರೆಯುವುದು.

ಮೊದಲು ಕನ್ನಡಕ ಹಾಕಿಕೊಳ್ಳಿ. ಆಸ್ಪತ್ರೆಗೆ ಹೋಗುವ ಗಡಿಬಿಡಿಯಲ್ಲಿ ಅದನ್ನು ದೀಪದ ಗೂಡಿನಲ್ಲೇ ಬಿಟ್ಟು ಹೋಗಿದ್ದೀರಿ. ಚೀಲದಲ್ಲಿ ಎರಡು ಸೀರೆ, ಒಂದು ಟವೆಲು, ಕೊಬ್ಬರಿ ಎಣ್ಣೆ, ಲವಂಗದ ಪೊಟ್ಟಣ ಇವೆ. ನಡುವೆ ಕನ್ನಡಕದ ಡಬ್ಬಿ ಇದೆ, ಅದಕ್ಕೆ ಸುತ್ತಿರುವುದೇ ಈ ಕಾಗದ. ಎಲೆ ಅಡಿಕೆ ಚೀಲ ಮಾತ್ರ ಕಳಿಸಿಲ್ಲ. ವಾರ್ಡಿನೊಳಗೆ ಬಿಡುವುದಿಲ್ಲವಂತೆ. ಅದಕ್ಕೂ ನನ್ನನ್ನೇ ಬೈದುಕೊಳ್ಳಿ.

ಇದನ್ನು ಅಲ್ಲಿಯ ನರ್ಸಮ್ಮನ ಕೈಗೆ ಕೊಟ್ಟು ಓದಿಸಬೇಡಿ, ಅವರಿಗೆ ಕನ್ನಡ ಬಾರದು. ನಿಮ್ಮ ಮಗನಿಗೂ ಓದಲು ಬಾರದು. ಮಾತೆಲ್ಲ ಕನ್ನಡ, ಜಗಳ ತೆಲುಗು, ಅಕ್ಷರ ಮಾತ್ರ ತಮಿಳು. ನಾನು ಆನೇಕಲ್ಲಿನಿಂದ ಗಡಿ ದಾಟಿ ಈ ತಮಿಳುನಾಡಿನ ಊರಿಗೆ ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಕನ್ನಡ ಓದುವವರು ನೀವೊಬ್ಬರೇ ಇದ್ದಿರಿ. ಐದನೇ ಕ್ಲಾಸಿನವರೆಗೆ ಕಲಿತದ್ದನ್ನು ಮರೆಯಬಾರದೆಂದು ದಿನಾ ಕ್ಯಾಲೆಂಡರಿನ ಹಿಂಬದಿಯ ರಾಶಿಫಲಕ್ಕೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಿರಿ. ನನ್ನ ರಾಶಿ ಬಂದಾಗ ಕೆಟ್ಟದ್ದನ್ನಷ್ಟೇ ಒತ್ತಿ ಓದುತ್ತಿದ್ದಿರಿ. ಹಾಗಾಗಿ ಇಲ್ಲಿ ಬರೆದದ್ದು ನಮ್ಮಿಬ್ಬರ ನಡುವೆಯೇ ಉಳಿಯುತ್ತದೆ ಎಂಬ ಧೈರ್ಯ ನನಗೆ. ಇದೇನು ಎಂದು ನಿಮ್ಮ ಮಗ ಕೇಳುತ್ತಾರೆ. ಮಾರಮ್ಮನ ಸ್ತೋತ್ರ ಎನ್ನುತ್ತೇನೆ. ಪಾಪ, ಕಣ್ಣಿಗೊತ್ತಿಕೊಂಡು ಚೀಲದೊಳಗಿಡುತ್ತಾರೆ.

ಫೋನಿದ್ದೂ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿನ್ನೆ ನೀವು ಫೋನಿನಲ್ಲಿ ಹೇಳಿದ್ದು ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಯಾರೋ ಪುಣ್ಯಾತ್ಮರು ನಿಮ್ಮ ಬಾಯಿಯ ಹತ್ತಿರ ಫೋನು ಹಿಡಿದಿದ್ದರು. ಮಾಸ್ಕಿನ ಒಳಗೆ ಗಾಳಿ ಹೋಗಿಬರುವ ಸದ್ದು ಬಿಟ್ಟು ಇನ್ನೇನೂ ಇಲ್ಲ. ನೀವು ಏನೋ ಹೇಳುತ್ತಿದ್ದೀರಿ ಎಂದು ಮಾತ್ರ ಗೊತ್ತಾಯಿತು. ನಾನು ಹೆದರಿ ‘ಹೂಂ ಅತ್ತೆ’ ಎಂದುಬಿಟ್ಟೆ. ಫೋನು ಇಟ್ಟ ಮೇಲೆ ಯೋಚಿಸಿದೆ, ಏನಕ್ಕೆ ಹೂಂ ಅಂದೆನೋ ಗೊತ್ತಿಲ್ಲ. ಕರುವಿಗೆ ಹಿಂಡಿ ಇಡು ಅಂದಿರೋ, ಮಗುವನ್ನು ನೋಡಿಕೋ ಅಂದಿರೋ. ಇನ್ನೊಂದು ಮಾತೂ ಇರಬಹುದು. ಅದನ್ನು ಆಮೇಲೆ ಬರೆಯುತ್ತೇನೆ, ಈಗ ಬರೆದರೆ ಮುಂದಿನದು ಬರೆಯಲಾಗುವುದಿಲ್ಲ.

ನಿಮಗೆ ಹೇಳಲೇಬೇಕಾದ ಒಂದು ವಿಷಯವಿದೆ. ನೀವು ಊರಿಗೆ ಹೇಳಿದ್ದ ಮಾತನ್ನು ನಾನು ಮುರಿದಿದ್ದೇನೆ. ಕೋಪ ಮಾಡಿಕೊಳ್ಳಿ, ಆದರೆ ಪೂರ್ತಿ ಓದಿ ಆಮೇಲೆ ಮಾಡಿಕೊಳ್ಳಿ.

ನಿಮ್ಮ ಮಗ ಫ್ಯಾಕ್ಟರಿಯಿಂದ ಮೈ ಸುಡುತ್ತ ಬಂದು ಗೇಟಿನ ಹೊರಗೇ ನಿಂತಿದ್ದು ನೆನಪಿದೆಯಲ್ಲ. ಊರಿಗೆ ಊರೇ ಮುಚ್ಚಿದ್ದರೂ ಅವರ ಕಂಪನಿಗೆ ಪಾಸು ಸಿಕ್ಕಿತ್ತು, ಶಿಫ್ಟು ನಿಂತಿರಲಿಲ್ಲ. ಕೊಟ್ಟಿಗೆಯ ಪಕ್ಕದ ಕೋಣೆ ಗುಡಿಸಿ ಚಾಪೆ ಹಾಸಿದವರು ನೀವೇ. ಅದೇ ಸಂಜೆ ಅವಲಪಲ್ಲಿಯಿಂದ ಯತಿರಾಜ್ ಅವರ ಫೋನು ಬಂತು. ನಿಮ್ಮ ಮಗನ ಪಕ್ಕದ ಮೆಷಿನ್ನಿನಲ್ಲಿ ಕೆಲಸ ಮಾಡುವವರು, ನಿಮ್ಮ ಕೈಯ ಮುದ್ದೆ ಉಂಡು ಹೊಗಳಿ ಹೋದವರು. ಅವರಿಗೆ ಪಾಸಿಟಿವ್ ಎಂದು ಗೊತ್ತಾದ ಕೂಡಲೇ ಬಾಗಿಲಿಗೆ ಅಡ್ಡಲಾಗಿ ತಗಡು ಹೊಡೆದಿದ್ದರು. ಮನೆ ಓನರು ಮೋಟರು ನಿಲ್ಲಿಸಿ, ನಲ್ಲಿಯಲ್ಲಿ ನೀರಿಲ್ಲದ ಹಾಗೆ ಮಾಡಿದ್ದ. ಒಳಗಿನಿಂದ ತಗಡು ಬಡಿದರೂ ಯಾರೂ ಬರಲಿಲ್ಲ ಎಂದು ಆ ಮನುಷ್ಯ ಅಳುತ್ತಿದ್ದರೆ ನೀವು ಗಲ್ಲಕ್ಕೆ ಕೈಯಿಟ್ಟು ಕೇಳಿದಿರಿ. ಆಮೇಲೆ ದೋಟಿ ತೆಗೆದುಕೊಂಡು ಹಿತ್ತಲ ಬೇವಿನ ಮರದ ಕಡೆ ಹೋದಿರಿ.

ನಾನು ಕಷಾಯಕ್ಕೆ ಎಂದುಕೊಂಡೆ. ನೀವು ಕೊಂಬೆ ಕಿತ್ತು ತಂದು, ಕಟ್ಟು ಮಾಡಿ, ತಲೆಬಾಗಿಲಿನ ಎರಡು ಕಡೆಗೂ ಕಟ್ಟಿದಿರಿ. ಕರುವಿನ ಹಗ್ಗಕ್ಕೆ ಹಾಕುವ ಗಂಟೇ. ಎಳೆದಷ್ಟೂ ಬಿಗಿಯಾಗುತ್ತದೆ, ಬಿಚ್ಚುವ ಎಳೆ ನಿಮಗೊಬ್ಬರಿಗೇ ಗೊತ್ತು. ಅದನ್ನು ನನಗೆ ಕಲಿಸಲು ಹೋಗಿ ನಿಮಗೂ ಸಾಕಾಗಿದೆ, ನನಗೂ ಸಾಕಾಗಿದೆ. ಕಟ್ಟಿ ಮುಗಿಸಿ ತಿರುಗಿ ಹೇಳಿದಿರಿ: “ಕೇಳ್ದೋರ್ಗೆ ಅಮ್ಮ ಬಂದವ್ಳೆ ಅನ್ನು. ಸೀತಾಳೆ ಸಿಡುಬು. ಬೇಸ್ಗೆ ಅಲ್ವಾ, ನಂಬ್ತಾರೆ.”

ನಾನು ತಪ್ಪಲ್ಲವಾ ಅತ್ತೆ ಎಂದೆ. ದೇವರ ಹೆಸರಿನಲ್ಲಿ ಸುಳ್ಳು ಹೇಳಬಾರದು ಎಂದು ಅಮ್ಮನ ಮನೆಯಲ್ಲಿ ಕಲಿತದ್ದನ್ನೆಲ್ಲ ಒದರಿದೆ. ನೀವು ಕೈ ಕೊಡವಿಕೊಂಡು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಅಮ್ಮ ಅಂದ್ರೆ ಊರು ಕೈ ಮುಗಿತದೆ. ಆ ಹೆಸ್ರು ಹೇಳಿದ್ರೆ ಊರು ತಗಡು ಹೊಡಿತದೆ. ನಿಂಗೆ ಯಾವ್ದು ಬೇಕು ಹೇಳು, ಚಂದ್ರಿ.”

ಜವಳಗಿರಿಯಲ್ಲಿ ಹುಟ್ಟಿದವರು ನೀವು. ಚಿಕ್ಕಂದಿನಲ್ಲಿ ತಟ್ಟೆ ಬಡಿದು ರಾಗಿ ಹೊಲದಿಂದ ಆನೆ ಓಡಿಸಿದ ಕಥೆಯನ್ನು ನನಗೆ ಬೇಜಾರಾಗುವಷ್ಟು ಹೇಳಿದ್ದೀರಿ. ಆನೆಗೆ ಹೆದರದವರು ತಗಡಿಗೆ ಹೆದರಿದ್ದನ್ನು ಅವತ್ತು ನೋಡಿದೆ. ಅದಕ್ಕೇ ಸುಮ್ಮನಾದೆ. ನನಗೂ ಭಯವಿತ್ತು ಅನ್ನಿ.

ನಿಮ್ಮ ಉಪಾಯ ಫಲಿಸಿತು, ಅದನ್ನು ಒಪ್ಪಬೇಕು. ಅಮ್ಮ ಬಂದ ಮನೆಗೆ ಹೊರಗಿನವರು ಕಾಲಿಡಬಾರದು, ಮನೆಯವರು ಹೊರಗೆ ಹೋಗಬಾರದು, ಮುಟ್ಟಬಾರದು. ಟೀವಿಯಲ್ಲಿ ಸರ್ಕಾರ ಬಾಯಿ ಬಡಿದುಕೊಂಡರೂ ಆಗದ್ದನ್ನು ಒಂದು ಹಿಡಿ ಬೇವು ಮಾಡಿತು. ಎದುರು ಮನೆಯ ಪಾಪಮ್ಮತ್ತೆ ಎಳನೀರು ತಂದು ಗೇಟಿನ ಹೊರಗಿನ ಕಲ್ಲಿನ ಮೇಲಿಟ್ಟು, ನಮ್ಮ ಬಾಗಿಲಿಗೆ ಕೈ ಮುಗಿದು, ‘ತಣ್ಣಗಾಗು ತಾಯಿ’ ಎಂದು ಹೇಳಿ ಹೋಗುತ್ತಿದ್ದರು. ನಾನು ಒಗ್ಗರಣೆಯಿಲ್ಲದ ಸಾರು ಮಾಡಿ ಮಾಡಿ ಸೋತೆ. ಅಮ್ಮ ಇರುವ ಮನೆಯಿಂದ ಒಗ್ಗರಣೆ ವಾಸನೆ ಬಂದರೆ ಬೀದಿಗೆ ಗೊತ್ತಾಗಿಬಿಡುತ್ತದಲ್ಲ. ನಿಮ್ಮ ಮಗ ಕೆಮ್ಮಿದರೆ ನೀವು ಕೋಣೆಯ ಹೊರಗೆ ನಿಂತು ಗದರುತ್ತಿದ್ದಿರಿ: “ತಲೆದಿಂಬಿಗೆ ಬಾಯಿಟ್ಟು ಕೆಮ್ಲಾ. ಅಮ್ಮಂಗೆ ಕೆಮ್ಮು ಬರಾಕಿಲ್ಲ ಕಣ್ಲಾ.” ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೇನೆ. ಭಯದಲ್ಲೂ ನಗು ಬರುತ್ತದೆ ನೋಡಿ.

ನಿಮ್ಮ ಮಗ ಎದ್ದು ಕುಳಿತರು. ನಾನು ಕದ್ದು ಕೊಡುತ್ತಿದ್ದ ಮಾತ್ರೆಯಿಂದಲೋ, ವಯಸ್ಸಿನ ಬಲದಿಂದಲೋ ಗೊತ್ತಿಲ್ಲ. ನೀವು ಬಿಸಿಲಿಗಿಟ್ಟು ಕಾಯಿಸಿದ ನೀರಿಗೆ ಅರಿಶಿನ, ಬೇವು ಹಾಕಿ ಅವರ ತಲೆಗೆ ಹೊಯ್ದಿರಿ. ಅದೂ ಬೀದಿಗೆ ತೋರಿಸಲು ಎಂದುಕೊಂಡಿದ್ದೆ. ಆದರೆ ಹಿತ್ತಲಲ್ಲಿ ನೋಡುವವರು ಯಾರೂ ಇಲ್ಲದಿರುವಾಗಲೂ ನೀವು ಕಣ್ಣು ಮುಚ್ಚಿ ಬೇವಿನ ಮರಕ್ಕೆ ಕೈ ಮುಗಿದಿರಿ. ಅವತ್ತೇ ನನಗೆ ಒಂಥರಾ ಆಗಿತ್ತು.

ಅಷ್ಟರಲ್ಲಿ ಬೀದಿಯಲ್ಲಿ ಇನ್ನೊಂದು ಬಾಗಿಲಿಗೆ ಬೇವು ಬಂತು. ಆಮೇಲೆ ಶಿವಣ್ಣನವರ ಮನೆಗೆ, ಆಮೇಲೆ ಪಾಪಮ್ಮತ್ತೆಯ ಮನೆಗೂ. ನೀವು ಜಗುಲಿಯಲ್ಲಿ ನಿಂತು ನೋಡಿ, “ನೋಡ್ದಾ, ನಿಜ್ವಾಗ್ಲೂ ಬಂದವ್ಳೆ” ಎಂದಿರಿ. ನನಗೆ ಒಳಗೊಳಗೇ ಸಮಾಧಾನವೂ ಆಯಿತು. ನಾವು ಹೇಳಿದ ಸುಳ್ಳನ್ನು ದೇವರೇ ನಿಜ ಮಾಡಿದರೆ ಪಾಪ ಎಲ್ಲಿಂದ ಬರುತ್ತದೆ? ನಿಮ್ಮ ಮೊಮ್ಮಗಳು ನಂದಿತಾ ಅಂತೂ ಕೋಳಿಗೂಡಿಗೂ ಒಂದು ಕಡ್ಡಿ ಬೇವು ಸಿಕ್ಕಿಸಿ, ಕೋಳಿಗೂ ಅಮ್ಮ ಬಂದಿದ್ದಾಳೆ, ಯಾರೂ ಮೊಟ್ಟೆ ಕೇಳಬೇಡಿ ಎಂದು ಕೂತಳು.

ನಿಮಗೆ ಹುಷಾರಿಲ್ಲ ಎಂದು ನನಗೆ ಮೊದಲು ಗೊತ್ತಾಗಿದ್ದು ಜ್ವರದಿಂದಲ್ಲ. ಬೆಳಿಗ್ಗೆ ನಾನು ಹಾಲಿನ ಪಾತ್ರೆ ಎಡವಿ ಅರ್ಧ ಚೆಲ್ಲಿದೆ. ನೀವು ನೋಡಿದಿರಿ, ಏನೂ ಅನ್ನಲಿಲ್ಲ. ಹೋಗಿ ಗೋಡೆಗೆ ಒರಗಿ ಕುಳಿತಿರಿ. ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಹಾಲು ಚೆಲ್ಲಿದ್ದನ್ನು ನೀವು ಸುಮ್ಮನೆ ನೋಡಿದ್ದು ಅದೇ ಮೊದಲು. ಹಣೆ ಮುಟ್ಟಿದರೆ ಕೆಂಡ.

ಮಾತ್ರೆ ತಂದೆ. ನೀವು ಬಾಯಿ ಬಿಗಿ ಹಿಡಿದಿರಿ. “ಅಮ್ಮ ಮೈಮೇಲೆ ಇರೋವಾಗ ಮಾತ್ರೆ ನುಂಗ್ತಾರಾ?” ಎಂದಿರಿ. ತಮಾಷೆ ಎಂದುಕೊಂಡು ನಕ್ಕೆ. ನೀವು ನಗಲಿಲ್ಲ. ಬಗ್ಗಿ ಕಿವಿಯ ಹತ್ತಿರ ಮೆಲ್ಲಗೆ ಹೇಳಿದೆ, ಅತ್ತೆ, ಇದು ನೀವೇ ಕಟ್ಟಿದ ಸುಳ್ಳು, ನನ್ನ ಹತ್ತಿರವೂ ಯಾಕೆ ಎಂದು. ನೀವು ಕಣ್ಣು ಬಿಟ್ಟು ನನ್ನನ್ನೇ ನೋಡಿ ಹೇಳಿದಿರಿ: “ಕಟ್ಟಿದ್ದು ನಾನು. ಬಂದೋಳು ಅವಳೇ.”

ಅತ್ತೆ, ಈ ರೋಗ ಬಂದಾಗಿನಿಂದ ಎಷ್ಟೋ ಸಲ ಹೆದರಿದ್ದೇನೆ. ಆ ಮಾತಿಗೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. ಇಡೀ ಊರನ್ನು ನಂಬಿಸಿದವರು ನೀವು. ಕೊನೆಗೆ ನೀವೇ ನಂಬಿಕೊಂಡು ಕೂತರೆ ನಿಮ್ಮನ್ನು ಯಾರು ಬಿಡಿಸಬೇಕು? ನಿಮ್ಮ ಮಗ ಬೇಡಿಕೊಂಡರು. ನಾನು ಕಣ್ಣೀರಿಟ್ಟೆ, ಜಗಳವಾಡಿದೆ, ಅಂಬಲಿಯಲ್ಲಿ ಮಾತ್ರೆ ಪುಡಿ ಮಾಡಿ ಬೆರೆಸಿದೆ. ಕಹಿ ಗೊತ್ತಾಗಿ ಲೋಟವನ್ನೇ ತಳ್ಳಿದಿರಿ. ನನ್ನನ್ನು ‘ಕರ್ನಾಟಕದೋಳೇ’ ಎಂದು ಬೈಯಲು ಬಾಯಿ ತೆಗೆದವರು ಆ ಒಂದು ಬೈಗುಳ ಮುಗಿಸುವಷ್ಟರಲ್ಲಿ ಮೂರು ಸಲ ಉಸಿರೆಳೆದುಕೊಂಡಿರಿ. ನನಗೆ ಅಷ್ಟೇ ಸಾಕಾಯಿತು. ಹೊರಗೆ ಬಂದು ಯತಿರಾಜ್ ಅವರಿಗೆ ಫೋನು ಮಾಡಿದೆ. ಅಷ್ಟು ಹೊತ್ತಿಗೆ ಅವರು ಹುಷಾರಾಗಿ, ಅವರ ಬಾಗಿಲ ತಗಡು ತೆಗೆದಿದ್ದರು. ಯಾರದೋ ಕಾರು ಕೇಳಿ ತಂದರು, ಜೊತೆಗೆ ಬೆರಳಿಗೆ ಸಿಕ್ಕಿಸುವ ಮೆಷಿನ್ನನ್ನೂ ತಂದರು. ಹಾಲು ಕರೆದು ಕರೆದು ದಡ್ಡು ಕಟ್ಟಿದ ನಿಮ್ಮ ಹೆಬ್ಬೆರಳಲ್ಲಿ ಅದು ಏನೂ ತೋರಿಸಲಿಲ್ಲ. ಕಿರುಬೆರಳಿಗೆ ಹಾಕಿದಾಗ ಬಂದ ನಂಬರು ನೋಡಿ ಯತಿರಾಜ್ ಮುಖ ತಿರುಗಿಸಿದರು.

ಆಸ್ಪತ್ರೆ ಎಂದರೆ ನೀವು ಏಳುತ್ತಿರಲಿಲ್ಲ. ಅದಕ್ಕೇ ಇನ್ನೊಂದು ಸುಳ್ಳು ಹೇಳಿದೆವು. ಅಮ್ಮ ಉಗ್ರವಾದರೆ ಗುಡಿಯಲ್ಲಿ ಮಲಗಿಸುವ ಪದ್ಧತಿ ನಿಮ್ಮ ಕಡೆ ಇದೆಯಲ್ಲ, ಜವಳಗಿರಿಗೆ ನಿಮ್ಮ ತವರಿನ ಮಾರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತೇವೆ ಎಂದೆವು. ಬೀದಿಗೂ ಅದನ್ನೇ ಹೇಳಿದೆವು. ನೀವು ಎದ್ದಿರಿ. ಹೊಸಿಲಿನಲ್ಲಿ ನಿಂತು, ಬಾಗಿಲ ಚೌಕಟ್ಟು ಹಿಡಿದು, ಜಾರಿದ್ದ ಒಂದು ಕಡ್ಡಿಯನ್ನು ಕಟ್ಟಿನೊಳಗೆ ಸಿಕ್ಕಿಸಿ ನನಗೆ ಹೇಳಿದಿರಿ: “ಇದ್ನ ಯಾರೂ ಬಿಚ್ಬ್ಯಾಡಿ. ಕಟ್ಟಿದ ಕೈಯೇ ಬಿಚ್ಬೇಕು. ನಾನ್ ಬಂದು ಬಿಚ್ತೀನಿ. ಬೀದೀಲಿ ಬಾಯಿ ಬಿಡ್ಬ್ಯಾಡ.”

ತಳಿಯಲ್ಲಿ ಕಾರು ಜವಳಗಿರಿ ದಾರಿ ಬಿಟ್ಟು ಹೊಸೂರಿನ ಕಡೆ ತಿರುಗಿದಾಗ ನೀವು ಕಿಟಕಿಯಿಂದ ನೋಡಿದಿರಂತೆ. ಆ ದಾರಿ ನಿಮಗೆ ಗೊತ್ತಿಲ್ಲದ್ದಲ್ಲ. ಈಗ ಕಿರುಚುತ್ತಾಳೆ, ಈಗ ಬಾಗಿಲು ಬಡಿಯುತ್ತಾಳೆ ಎಂದು ನಿಮ್ಮ ಮಗ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರಂತೆ. ನೀವು ಏನೂ ಅನ್ನಲಿಲ್ಲವಂತೆ. ಅವರ ಮೊಣಕೈಗೆ ಒರಗಿಕೊಂಡು ಕೃಷ್ಣಗಿರಿಯವರೆಗೂ ಹಾಗೇ ಬಂದಿರಂತೆ. ಇದನ್ನು ಕೇಳಿ ನಾನು ಬಹಳ ಅತ್ತುಬಿಟ್ಟೆ. ನಿಮಗೂ ಬದುಕಬೇಕು ಅನ್ನಿಸಿದೆ ಎಂದು ಒಂದು ಸಲ ಸಮಾಧಾನ. ಜಗಳವಾಡುವ ಶಕ್ತಿಯೂ ಇರಲಿಲ್ಲವೇನೋ ಎಂದು ಇನ್ನೊಂದು ಸಲ ಭಯ. ಯಾವುದು ನಿಜ ಎಂದು ನೀವೇ ಬಂದು ಹೇಳಬೇಕು.

ನೀವು ಹೋದ ಮೇಲೆ ನಿಮ್ಮ ಹಸು ಕೆಂಚಿ ನನ್ನನ್ನು ಹತ್ತಿರ ಸೇರಿಸಲಿಲ್ಲ. ಮೊದಲ ದಿನ ಒದ್ದಳು. ಮರುದಿನ ಹಾಲು ಏರಿಸಿಕೊಂಡು ನಿಂತಳು. ಕೆಚ್ಚಲು ಕಲ್ಲಾಯಿತು. ಕರು ಕುಡಿದು ಉಳಿದದ್ದು ಕಟ್ಟಿಕೊಂಡರೆ ಕೆಚ್ಚಲು ಬಾವು ಬರುತ್ತದೆ ಎಂದು ನೀವೇ ಹೇಳುತ್ತಿದ್ದಿರಿ. ನಿಮಗೆ ಹೀಗಾಗಿರುವಾಗ ನಿಮ್ಮ ಹಸುವಿಗೂ ಏನಾದರೂ ಆದರೆ ನಾನು ಯಾವ ಮುಖ ಇಟ್ಟುಕೊಳ್ಳಲಿ? ಕೊನೆಗೆ ಬಟ್ಟೆ ಹಾಕುವ ಗಳುವಿನ ಮೇಲಿದ್ದ ನಿಮ್ಮ ಹಸಿರು ಅಂಚಿನ ಸೀರೆ ಉಟ್ಟೆ. ನಿಮ್ಮ ಹಾಗೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಟವೆಲು ಕಟ್ಟಿಕೊಂಡು ಹೋದೆ. ಕೆಂಚಿ ಮೂಸಿ ನೋಡಿ ಸುಮ್ಮನೆ ನಿಂತಳು, ಹಾಲು ಬಿಟ್ಟಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನಗೆ ಆ ಕಾಲ ಇಷ್ಟು ಬೇಗ ಬೇಡ ಅತ್ತೆ. ನಿಮ್ಮ ಸೀರೆ ನನಗೆ ಉದ್ದ.

ಅಲ್ಲೇ ಇನ್ನೊಂದು ಗೊತ್ತಾಯಿತು. ಸಗಣಿ ಬಾಚುತ್ತಿದ್ದೆ, ವಾಸನೆ ಬರಲಿಲ್ಲ. ಗಂಜಲ ಮೂಸಿದೆ, ಇಲ್ಲ. ನಿಮ್ಮ ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಕೆಂಚಿಗೆ ಸಿಕ್ಕ ನಿಮ್ಮ ವಾಸನೆ ನನಗೆ ಸಿಗಲಿಲ್ಲ. ನಿಮ್ಮ ಮಗನಿಂದ ನಿಮಗೆ, ನಿಮ್ಮಿಂದ ನನಗೆ. ಹೆದರಬೇಡಿ, ಜ್ವರ ಹೆಚ್ಚಿಲ್ಲ, ಉಸಿರು ಸರಿಯಿದೆ. ನಂದಿತಾಳನ್ನು ನಡುಮನೆಯಲ್ಲಿ ಬೇರೆ ಮಲಗಿಸುತ್ತಿದ್ದೇನೆ. ಆ ಹೊತ್ತಿನಲ್ಲಿ ಮಾತ್ರ ಬುಟ್ಟಿ ಕೈಯಲ್ಲಿ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ಮರದ ಹಾಗೆ ನಿಂತುಬಿಟ್ಟೆ.

ಆಗಲೇ ಪಾಪಮ್ಮತ್ತೆ ನನ್ನನ್ನು ಹಿಂದಿನಿಂದ ನೋಡಿದ್ದು. ನಿಮ್ಮ ಸೀರೆ, ನಿಮ್ಮ ಟವೆಲು, ನಿಮ್ಮ ಕೊಟ್ಟಿಗೆ. “ಆದಿಲಕ್ಷ್ಮೀ, ಬಂದ್ಬುಟ್ಯಾ?” ಎಂದು ಅವರ ಕೂಗು ಕೇಳಿ ತಿರುಗುವಷ್ಟರಲ್ಲಿ ಗೇಟು ದಾಟಿ ಅಂಗಳಕ್ಕೆ ಬಂದಿದ್ದರು. ಅಮ್ಮ ಇಳಿದು ಗುಡಿಯಿಂದ ಬಂದವರ ಕಾಲು ಮುಟ್ಟಿದರೆ ಒಳ್ಳೆಯದಾಗುತ್ತದಲ್ಲ, ಅದಕ್ಕೆ ಬಂದಿದ್ದರು. ಕೈಯಲ್ಲಿ ಅರಿಶಿನದ ನೀರಿನ ಚೊಂಬು. ಮಾಸ್ಕಿಲ್ಲ. ಬಗ್ಗಿದರೆ ನನ್ನ ಕಾಲು ಸಿಗುವಷ್ಟು ಹತ್ತಿರ ಬಂದರು.

ಬಾಯಿ ಬಿಡಬೇಡ ಎಂದ ನಿಮ್ಮ ಮಾತು ನೆನಪಿತ್ತು. ಸುಳ್ಳು ಹೇಳುತ್ತಿಲ್ಲ, ಚೆನ್ನಾಗಿ ನೆನಪಿತ್ತು. ಆದರೆ ಎಪ್ಪತ್ತರ ಹತ್ತಿರದ ಹೆಂಗಸು ರೋಗದ ಕಾಲು ಮುಟ್ಟಲು ಬಗ್ಗುತ್ತಿದ್ದಾರೆ. ಹಿಂದೆ ಹಿಂದೆ ಸರಿದು ಗೋಡೆಗೆ ತಾಗಿ ನಿಂತು ಹೇಳಿಬಿಟ್ಟೆ. “ಹತ್ರ ಬರ್ಬೇಡಿ ಪಾಪಮ್ಮತ್ತೆ. ನಮ್ಮನೇಲಿ ಅಮ್ಮ ಬಂದಿರ್ಲಿಲ್ಲ, ಕೊರೊನಾ ಬಂದಿತ್ತು. ನಮ್ಮತ್ತೆ ಗುಡೀಲಿಲ್ಲ, ಕೃಷ್ಣಗಿರಿ ಆಸ್ಪತ್ರೇಲಿ ಅವ್ರೆ. ನಂಗೂ ಬಂದೈತೆ.”

ಕೂಗುತ್ತಾರೆ, ಮಣ್ಣು ತೂರುತ್ತಾರೆ, ಇಡೀ ಬೀದಿಯನ್ನು ಕರೆಯುತ್ತಾರೆ ಎಂದು ಕಾದೆ. ಅವರು ಚೊಂಬು ಕೆಳಗಿಟ್ಟರು. ಗೇಟಿನವರೆಗೆ ನಿಧಾನವಾಗಿ ಹೋಗಿ, ನಮಗೆ ಎಳನೀರು ಇಡುತ್ತಿದ್ದ ಅದೇ ಕಲ್ಲಿನ ಮೇಲೆ ಕುಳಿತರು. ತಲೆ ಎತ್ತದೆ ಹೇಳಿದರು: “ನಮ್ಮನೇಲೂ ಅಮ್ಮ ಅಲ್ಲ ಕಣಮ್ಮಿ. ನಿಮ್ಮ ಬಾಗ್ಲು ನೋಡಿ ನಾನೂ ಕಟ್ದೆ.”

ಒಳಗೆ ಅವರ ಯಜಮಾನರು, ನಮ್ಮ ಮುನಿಯಲ್ಲಪ್ಪ ಮಾವ, ಗೋಡೆಗೆ ಒರಗಿ ಕೂತೇ ಇದ್ದರಂತೆ. ಮಲಗಿದರೆ ಉಸಿರು ಸಿಗುವುದಿಲ್ಲವಂತೆ. ನೀರು ಕುಡಿಯಲೂ ಆಗುತ್ತಿಲ್ಲವಂತೆ. ಅಮ್ಮ ಎಂದು ಬೀದಿಗೆ ಹೇಳಿಯಾಗಿದೆ, ಈಗ ಆಸ್ಪತ್ರೆಗೆ ಎಂದರೆ ನಿಮ್ಮ ಮನೆಯವರು ಏನು ಅಂದುಕೊಳ್ಳುತ್ತಾರೋ ಎಂದು ಪಾಪಮ್ಮತ್ತೆ ಸುಮ್ಮನಿದ್ದರಂತೆ. ಕೇಳಿದಿರಾ ಅತ್ತೆ? ನಮಗೆ ಗೊತ್ತಾಗಬಾರದು ಎಂದು ಅವರು, ಅವರಿಗೆ ಗೊತ್ತಾಗಬಾರದು ಎಂದು ನಾವು. ಎದುರು ಬದುರು ಬಾಗಿಲಲ್ಲಿ ಬೇವು ಕಟ್ಟಿಕೊಂಡು, ಒಬ್ಬರ ದೇವರಿಗೆ ಇನ್ನೊಬ್ಬರು ಕೈ ಮುಗಿದುಕೊಂಡು ಕೂತಿದ್ದೆವು. ಅವರ ಬಾಗಿಲ ಬೇವು ನೋಡಿ ನೀವು ಮಾತ್ರೆ ಬೇಡ ಎಂದಿರಿ, ನಮ್ಮ ಬಾಗಿಲ ಬೇವು ನೋಡಿ ಅವರು ಡಾಕ್ಟರು ಬೇಡ ಎಂದರು.

ಅಂಗಳದಿಂದಲೇ ೧೦೮ಕ್ಕೆ ಫೋನು ಮಾಡಿದೆ. ನನ್ನ ಹರುಕು ತಮಿಳಿನಲ್ಲಿ ಅಳುತ್ತ ದಾರಿ ಹೇಳಿದೆ. ಬಿಳಿ ಬಟ್ಟೆ ಸುತ್ತಿಕೊಂಡವರು ಬಂದು ಮುನಿಯಲ್ಲಪ್ಪ ಮಾವನನ್ನು ಎತ್ತಿಕೊಂಡು ಹೋಗುವುದನ್ನು ಇಡೀ ಬೀದಿ ಬಾಗಿಲ ಸಂದಿನಿಂದ ನೋಡಿತು. ಆಮೇಲೆ ಶಿವಣ್ಣನವರ ಮನೆಯ ಬಾಗಿಲು ತೆರೆಯಿತು. ಅವರ ಹೆಂಡತಿ ಕನಕಮ್ಮ ಹೊರಗೆ ಬಂದು, ಗಾಡಿಯವರಿಗೆ ನಮ್ಮನೆಗೂ ಬರಲು ಹೇಳಮ್ಮ ಎಂದರು. ಬೇವು ಇದ್ದ ಯಾವ ಮನೆಯಲ್ಲೂ ಅಮ್ಮ ಇರಲಿಲ್ಲ ಅತ್ತೆ, ಒಂದರಲ್ಲೂ ಇರಲಿಲ್ಲ.

ನಿಮ್ಮ ಭಯ ಸುಳ್ಳಾಗಿರಲಿಲ್ಲ ಎಂಬುದನ್ನೂ ಬರೆಯಬೇಕು. ಮರುದಿನವೇ ನಮ್ಮ ಬೀದಿಯ ಬಾಯಿಗೆ ಅಡ್ಡಲಾಗಿ ಬಿದಿರಿನ ಗಳು ಕಟ್ಟಿದರು. ಡೈರಿಯವರು ನಮ್ಮ ಬೀದಿಯ ಹಾಲು ಬೇಡ ಅಂದರು. ಮೇಲಿನ ಬೀದಿಯ ಹೆಂಗಸೊಬ್ಬಳು ದೂರದಿಂದಲೇ, ಸೊಸೆ ಊರಿಗೆಲ್ಲ ಸಾರಿ ಮರ್ಯಾದೆ ತೆಗೆದಳು ಎಂದು ನನಗೆ ಕೇಳುವ ಹಾಗೆ ಅಂದಳು. ನಿಮ್ಮ ಮಗನೂ ಒಂದು ದಿನ ಫೋನಿನಲ್ಲಿ ಮಾತಾಡಲಿಲ್ಲ. ಆಮೇಲೆ ಅದೇ ಆಸ್ಪತ್ರೆಗೆ ಬಂದ ಮುನಿಯಲ್ಲಪ್ಪ ಮಾವನಿಗೆ ಆಕ್ಸಿಜನ್ ಹಾಕಿದ್ದನ್ನು ಅವರೇ ನೋಡಿದರು, ಡಾಕ್ಟರು ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಮಾತು ನಿಲ್ಲಿಸಿದ್ದನ್ನೂ ಕೇಳಿದರು. ಅವತ್ತು ಫೋನು ಮಾಡಿ, ನೀನು ಮಾಡಿದ್ದು ಸರಿ ಎನ್ನಲಿಲ್ಲ. ಊಟ ಮಾಡಿದೆಯಾ ಎಂದು ಕೇಳಿದರು. ನಿಮ್ಮ ಮಗ ಅಲ್ಲವೇ, ಅಷ್ಟರಲ್ಲೇ ತಿಳಿದುಕೊಳ್ಳಬೇಕು.

ಈಗ ಅವರು ಆಸ್ಪತ್ರೆಯ ಕಾಂಪೌಂಡಿನ ಹುಣಸೆಮರದ ಕೆಳಗೇ ಇದ್ದಾರೆ. ಬಟ್ಟೆಗೆಂದು ಬರುತ್ತಾರೆ, ಗೇಟಿನ ಹೊರಗೆ ನಿಂತು ಚೀಲ ತೆಗೆದುಕೊಂಡು ಹೋಗುತ್ತಾರೆ. ಗಡ್ಡ ಬಂದಿದೆ. ಅತ್ತೆ ಹೇಗಿದ್ದಾರೆ ಎಂದರೆ ಹಾಗೇ ಇದ್ದಾರೆ ಅನ್ನುತ್ತಾರೆ. ‘ಹಾಗೇ’ ಎಂದರೆ ಏನು ಎಂದು ಕೇಳಲು ನನಗೂ ಧೈರ್ಯವಿಲ್ಲ, ಹೇಳಲು ಅವರಿಗೂ ಇಲ್ಲ. ಫೋನು ಹೊಡೆದುಕೊಂಡರೆ ನಂದಿತಾ ಓಡಿ ಹೋಗಿ ತರುತ್ತಾಳೆ. ಆ ನಾಲ್ಕು ಹೆಜ್ಜೆಯಲ್ಲಿ ನನಗೆ ಎಷ್ಟು ದೇವರು ನೆನಪಾಗುತ್ತಾರೋ. ಆನೇಕಲ್ಲಿನಿಂದ ನಮ್ಮಮ್ಮ ಫೋನು ಮಾಡಿದರೂ, ಯಾಕೆ ಮಾಡಿದೆ ಎಂದು ರೇಗಿಬಿಡುತ್ತೇನೆ. ಗಡಿಯಲ್ಲಿ ಬಿಡುವುದಿಲ್ಲ, ಇಲ್ಲದಿದ್ದರೆ ಬಂದು ನನ್ನ ಕೆನ್ನೆಗೆ ಎರಡು ಕೊಡುತ್ತಿದ್ದರು.

ಪಾಪಮ್ಮತ್ತೆಗೂ ಬಂದಿದೆ, ಆದರೆ ಗಟ್ಟಿಯಾಗಿದ್ದಾರೆ. ಬೀದಿಯ ಆ ಕಡೆ ಅವರು, ಈ ಕಡೆ ನಾನು ಜಗುಲಿಯಲ್ಲಿ ಕೂತು ಮಾತಾಡುತ್ತೇವೆ. ನಿಮಗೊಂದು ಮಾತು ತಲುಪಿಸು ಎಂದಿದ್ದಾರೆ, ಅವರು ಹೇಳಿದ ಹಾಗೇ ಬರೆಯುತ್ತೇನೆ. “ಅವ್ಳ್ ಮೇಲೆ ನಂಗೆ ಬಲು ಕ್ವಾಪ ಐತೆ. ಮಲಗಿರೋರ್ನ ಬೈಯಾಕಾಗಾಕಿಲ್ಲ. ಎದ್ದು ಬಂದು ನನ್ನೆದ್ರಿಗೆ ನಿಂತ್ಕೊ ಅನ್ನು.” ನಿಮಗೂ ನನ್ನ ಮೇಲೆ ಕೋಪ ಬಂದಿದ್ದರೆ ಒಳ್ಳೆಯದೇ. ಕೋಪ ಮಾಡಿಕೊಳ್ಳಲು ಉಸಿರು ಬೇಕು.

ಇನ್ನು ಬೇವಿನ ವಿಷಯ. ಪರೀಕ್ಷೆಗೆ ಬಂದವರು ನಮ್ಮ ಬಾಗಿಲಿಗೆ ಸ್ಟಿಕರು ಅಂಟಿಸಬೇಕಿತ್ತು. ಜಾಗ ಮಾಡಲು ಒಬ್ಬರು ಬೇವಿನ ಕಟ್ಟಿಗೆ ಕತ್ತರಿ ಹಿಡಿದರು. ನನಗೆ ಎಲ್ಲಿಂದ ಅಷ್ಟು ಗಂಟಲು ಬಂತೋ, “ಅದ ತೊಡಾದೀಂಗ, ಎಂಗ ಅತ್ತೈ ವರುವಾಂಗ” ಎಂದು ಕೂಗಿದೆ. ಅದನ್ನು ಮುಟ್ಟಬೇಡಿ, ನಮ್ಮತ್ತೆ ಬರುತ್ತಾರೆ. ನನ್ನ ತಮಿಳು ನಿಮಗೆ ಯಾವಾಗಲೂ ನಗೆಪಾಟಲು, ಅವತ್ತು ಅದು ಸರಿಯಾಗಿಯೇ ಬಂತು. ಅವರು ಸ್ಟಿಕರನ್ನು ಗೋಡೆಗೆ ಅಂಟಿಸಿ ಹೋದರು. ಈಗ ನಮ್ಮ ಬಾಗಿಲ ಪಕ್ಕ ಎರಡೂ ಇವೆ, ನಿಮ್ಮ ಸುಳ್ಳೂ ನನ್ನ ನಿಜವೂ. ಬೇರೆ ಮನೆಯವರೆಲ್ಲ ಬೇವು ತೆಗೆದಿದ್ದಾರೆ. ನಮ್ಮದೊಂದೇ ಉಳಿದಿರುವುದು.

ಅದು ಒಣಗಿದೆ ಅತ್ತೆ. ದಿನಾ ಬೆಳಿಗ್ಗೆ ಹೊಸಿಲ ಮೇಲೆ ಎಲೆ ಉದುರಿರುತ್ತದೆ. ಗುಡಿಸಲು ಮನಸ್ಸು ಬರುವುದಿಲ್ಲ, ಬಿಡಲೂ ಆಗುವುದಿಲ್ಲ. ಬಾಚಿ ಹಿತ್ತಲ ಮರದ ಬುಡಕ್ಕೇ ಹಾಕುತ್ತೇನೆ. ಈಗ ಕಡ್ಡಿಗಳಷ್ಟೇ ಉಳಿದಿವೆ, ಮೇಲೆ ನಿಮ್ಮ ಗಂಟು.

ಮೊದಲು ಬರೆಯಲಾರೆ ಎಂದಿದ್ದನ್ನು ಈಗ ಬರೆಯುತ್ತೇನೆ. ನಿನ್ನೆ ಫೋನಿನಲ್ಲಿ ನೀವು, ಬೇವು ಬಿಚ್ಚಬೇಡ, ಬರುತ್ತೇನೆ ಎಂದಿದ್ದರೆ ನನ್ನ ಹೂಂ ಹಾಗೇ ಇರಲಿ. ಆದರೆ ನನ್ನಿಂದಾಗುವುದಿಲ್ಲ ಚಂದ್ರಿ, ನೀನೇ ಬಿಚ್ಚಿಬಿಡು ಎಂದಿದ್ದರೆ? ಆ ಸದ್ದಿನೊಳಗೆ ಆ ಮಾತು ಇತ್ತೇನೋ ಎಂದು ನಿನ್ನೆಯಿಂದ ನನಗೆ ಅನ್ನ ಇಳಿಯುತ್ತಿಲ್ಲ. ಹಾಗೆ ಅಂದಿದ್ದರೆ ನನ್ನ ಹೂಂ ವಾಪಸ್ಸು ಕೊಡಿ. ನಾನು ಒಪ್ಪಿಲ್ಲ. ಬಾಯಿ ಬಿಡಬೇಡ ಎಂದ ಮಾತು ಮೀರಿದ್ದೇನೆ. ಇದೊಂದನ್ನು ಉಳಿಸಿಕೊಂಡಿದ್ದೇನೆ, ಇದನ್ನು ಮುರಿಯಲು ನೀವು ಹೇಳಿದರೂ ಕೇಳುವುದಿಲ್ಲ.

ಅದೂ ಅಲ್ಲದೆ, ಆ ಗಂಟು ಬಿಚ್ಚಲು ನನಗೆ ಬರುವುದಿಲ್ಲ. ಎಷ್ಟು ಸಲ ತೋರಿಸಿದಿರಿ, ಕರುವಿನ ಮುಂದೆ ನಿಲ್ಲಿಸಿ ಎಷ್ಟು ಸಲ ತಲೆಗೆ ಮೊಟಕಿದಿರಿ, ಬರಲಿಲ್ಲ. ನಿನ್ನೆ ಸಂಜೆ ಪಾಪಮ್ಮತ್ತೆ ಅವರ ಜಗುಲಿಯಿಂದಲೇ, ಬಾ ನಾನು ಹೇಳಿಕೊಡುತ್ತೇನೆ, ಒಂದು ಎಳೆ ಎಳೆದರೆ ಬಿಚ್ಚಿಕೊಳ್ಳುತ್ತದೆ ಎಂದು ಕೈಯಲ್ಲಿ ಹಗ್ಗ ಹಿಡಿದರು. ನಾನು ಎದ್ದು ಒಳಗೆ ಬಂದೆ.

ಕಲಿಯುವುದಿಲ್ಲ ಅತ್ತೆ. ನೀವೇ ಬನ್ನಿ.

ಮಾರಮ್ಮನಿಗೂ ನಿಮ್ಮ ವಾರ್ಡಿನ ಡಾಕ್ಟರಿಗೂ ಒಟ್ಟಿಗೇ ಕೈ ಮುಗಿಯುತ್ತ, ನಿಮ್ಮ ಮಾಸ್ಕಿನೊಳಗಿನ ಗಾಳಿ ತಂಪಾಗಿರಲಿ ಎಂದು ಬೇಡಿಕೊಳ್ಳುತ್ತ, ನಿಮ್ಮ ಸೀರೆ ಉಟ್ಟು ಕೆಂಚಿಯ ಹತ್ತಿರ ಹೋಗುತ್ತಿರುವ,

ನಿಮ್ಮ ಬೈಗುಳಕ್ಕೆ ಕಾದಿರುವ ಸೊಸೆ,
ಚಂದ್ರಿ